‘ಐದು ಪಟ್ಟು ಅಪಾಯ’: ಈ ಅಂಕಿಗೆ ಎಷ್ಟು ತೂಕ?

ಕೋವಿಡ್-19 ಜಗತ್ತನ್ನು ಆವರಿಸಿದ್ದ 2020ರ ಆಗಸ್ಟ್ ತಿಂಗಳಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಒಂದು ಸಂಶೋಧನಾ ಪ್ರಬಂಧ ಹೊರಬಂದಿತು. ಇ-ಸಿಗರೇಟ್ ಸೇದಿದ ಹದಿಹರೆಯದವರು ಹಾಗೂ ಯುವಜನರಲ್ಲಿ ಕೋವಿಡ್ ಪತ್ತೆಯಾಗುವ ಸಂಭವ, ಸೇದದವರಿಗಿಂತ ಐದು ಪಟ್ಟು ಹೆಚ್ಚು ಎಂಬುದು ಅದರ ಮುಖ್ಯ ಫಲಿತಾಂಶ. ಪ್ರಬಂಧದ ಶೀರ್ಷಿಕೆಯಲ್ಲಿ ಇದ್ದ ಪದ ‘ಸಂಬಂಧ’ ಎಂದು ಮಾತ್ರ. ಆದರೆ ಅದು ಪತ್ರಿಕೆ, ದೂರದರ್ಶನಗಳನ್ನು ತಲುಪುವ ಹೊತ್ತಿಗೆ ‘ಇ-ಸಿಗರೇಟ್ ಸೇದಿದರೆ ಕೋವಿಡ್ ಐದು ಪಟ್ಟು’ ಎಂಬ ಕಾರ್ಯಕಾರಣ ಹೇಳಿಕೆಯಾಗಿ ಮಾರ್ಪಟ್ಟಿತ್ತು. ಅಮೆರಿಕದ ಸಂಸದ ರಾಜಾ ಕೃಷ್ಣಮೂರ್ತಿ ಅವರು ಈ ಪ್ರಬಂಧವನ್ನು ಮುಂದಿಟ್ಟುಕೊಂಡು, ಸಾಂಕ್ರಾಮಿಕ ಮುಗಿಯುವವರೆಗೆ ಇ-ಸಿಗರೇಟುಗಳನ್ನು ಮಾರುಕಟ್ಟೆಯಿಂದ ತೆರವುಗೊಳಿಸಬೇಕೆಂದು ಅಲ್ಲಿಯ ಆಹಾರ ಮತ್ತು ಔಷಧ ಆಡಳಿತವನ್ನು ಒತ್ತಾಯಿಸಿದರು.

ಮಕ್ಕಳನ್ನು ದುಶ್ಚಟದಿಂದ ದೂರವಿಡಬೇಕೆಂಬ ಶಿಕ್ಷಕರಿಗೆ ಇಂಥ ಅಂಕಿ ಬಹಳ ಅನುಕೂಲವಾಗಿ ಕಾಣುತ್ತದೆ. ಚಿಕ್ಕದು, ನೆನಪಿನಲ್ಲಿ ಉಳಿಯುವಂಥದ್ದು, ಹೆದರಿಸುವಂಥದ್ದು. ಅದನ್ನು ತರಗತಿಗೆ ಒಯ್ಯುವ ಮುನ್ನ ಅದರ ತೂಕವೆಷ್ಟು ಎಂದು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಇ-ಸಿಗರೇಟ್ ನಿರುಪದ್ರವಿ ಎಂದು ವಾದಿಸುವುದು ಖಂಡಿತ ಇಲ್ಲಿಯ ಉದ್ದೇಶವಲ್ಲ. ಅದರ ಹಾನಿಯನ್ನು ತೋರಿಸುವ ಬೇರೆ ಸಾಕ್ಷ್ಯಗಳಿವೆ. ಅವು ಈ ಅಂಕಿಗಿಂತ ಹೆಚ್ಚು ಗಟ್ಟಿಯಾದವು ಎಂಬುದನ್ನು ಮುಂದೆ ನೋಡಲಿದ್ದೇವೆ.

ಸಾಧನ ಮತ್ತು ಅದರ ‘ಹೊಗೆ’

ಮೊದಲು ಸಾಧನವನ್ನು ಪರಿಚಯಿಸಿಕೊಳ್ಳೋಣ. ಇ-ಸಿಗರೇಟಿನಲ್ಲಿ ತಂಬಾಕು ಉರಿಯುವುದಿಲ್ಲ. ಬ್ಯಾಟರಿಯಿಂದ ಬಿಸಿಯಾಗುವ ಒಂದು ತಂತಿಸುರುಳಿ, ಬತ್ತಿಯ ಮೂಲಕ ಬರುವ ದ್ರವವನ್ನು ಆವಿಯಾಗಿಸುತ್ತದೆ. ದ್ರವದಲ್ಲಿರುವುದು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಾಲ್, ಸಾಮಾನ್ಯವಾಗಿ ನಿಕೋಟಿನ್ ಮತ್ತು ಪರಿಮಳ ದ್ರವ್ಯಗಳು. ಆವಿಯು ತಂಪಾದ ಗಾಳಿಯನ್ನು ಸೇರಿದೊಡನೆ ಅತಿ ಸಣ್ಣ ಹನಿಗಳಾಗಿ ಸಾಂದ್ರೀಕರಿಸುತ್ತದೆ. ಹೀಗಾಗಿ ಸೇದುವವನ ಬಾಯಿಗೆ ಹೋಗುವುದು ಹೊಗೆಯೂ ಅಲ್ಲ, ಶುದ್ಧ ಆವಿಯೂ ಅಲ್ಲ. ಗಾಳಿಯಲ್ಲಿ ತೇಲುವ ದ್ರವಕಣಗಳ ಸಮೂಹ, ಅಂದರೆ ಏರೋಸಾಲ್. ಈ ರೀತಿ ಸೇದುವುದನ್ನು ‘ವೇಪಿಂಗ್’ ಎನ್ನುತ್ತಾರೆ.

ಈ ಹನಿಗಳಲ್ಲಿ ಬಹುಪಾಲು ಒಂದು ಮೈಕ್ರೊಮೀಟರ್‌ಗಿಂತ ಚಿಕ್ಕವು. ಸ್ಟೋಕ್ಸ್ ಸೂತ್ರವನ್ನು ಬಳಸಿ ಲೆಕ್ಕ ಹಾಕಿದರೆ, 10 ಮೈಕ್ರೊಮೀಟರ್ ವ್ಯಾಸದ ನೀರಹನಿ ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಕೆಳಗಿಳಿಯುತ್ತದೆ. 0.3 ಮೈಕ್ರೊಮೀಟರ್ ಹನಿಯಾದರೋ ಗಂಟೆಗೆ ಒಂದೂವರೆ ಸೆಂಟಿಮೀಟರಿನಷ್ಟು ಮಾತ್ರ. ದೊಡ್ಡ ಹನಿಗಳು ಮೂಗು ಗಂಟಲುಗಳ ತಿರುವುಗಳಲ್ಲಿ ಜಡತ್ವದಿಂದ ಬಡಿದು ಅಲ್ಲೇ ಉಳಿಯುತ್ತವೆ. ಇಷ್ಟು ಸಣ್ಣ ಹನಿಗಳು ಗಾಳಿಯ ಜೊತೆಗೇ ತಿರುಗಿ, ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೂ ಹೋಗಬಲ್ಲವು. ಉಸಿರಾಟದ ಸೋಂಕಿನ ಪ್ರಶ್ನೆ ಹುಟ್ಟುವುದು ಇಲ್ಲೇ. ವೈರಸ್ಸಿನ ವಿರುದ್ಧ ದೇಹ ಕಾವಲು ಹಾಕಿರುವ ಜಾಗಗಳಿಗೆ ಈ ರಾಸಾಯನಿಕಗಳು ದಿನವೂ ಹೋಗಿ ಬೀಳುತ್ತವೆ. ಅದರಿಂದ ಕಾವಲು ಸಡಿಲವಾಗುತ್ತದೆಯೆ ಎಂಬುದು ಪ್ರಶ್ನೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಸೇದುವವನು ಬಿಡುವ ಬಿಳಿಯ ಮೋಡವನ್ನೇ ವೈರಸ್ಸಿನ ಮೋಡವೆಂದು ತಿಳಿಯುವವರುಂಟು. ಮೋಡ ಕಾಣಿಸುವುದು ಗ್ಲೈಕಾಲ್ ಮತ್ತು ಗ್ಲಿಸರಾಲ್ ಹನಿಗಳು ಬೆಳಕನ್ನು ಚದುರಿಸುವುದರಿಂದ. ವೈರಸ್ಸು ಬರುವುದು ಸೋಂಕಿತನ ಶ್ವಾಸನಾಳದ ದ್ರವದಿಂದ. ಮೋಡವಿಲ್ಲದ ಬರಿಯ ಉಸಿರಿನಲ್ಲೂ ಮಾತಿನಲ್ಲೂ ಕೆಮ್ಮಿನಲ್ಲೂ ಅದು ಹೊರಬರುತ್ತದೆ. ಮೋಡವು ಉಸಿರು ಎಷ್ಟು ದೂರ ಹರಡುತ್ತದೆಂದು ಕಣ್ಣಿಗೆ ತೋರಿಸಿಕೊಡುತ್ತದೆ, ಅಷ್ಟೆ. ಸೇದುವವನಿಗೆ ಸೋಂಕು ತಗಲುವ ಸಾಧ್ಯತೆ ಹೆಚ್ಚುತ್ತದೆಯೆ ಎಂಬುದು ಬೇರೆಯೇ ಪ್ರಶ್ನೆ. ಸ್ಟ್ಯಾನ್‌ಫರ್ಡ್ ಪ್ರಬಂಧ ಕೈಗೆತ್ತಿಕೊಂಡದ್ದು ಈ ಎರಡನೆಯದನ್ನು.

ಸಮೀಕ್ಷೆ ಹೇಳಿದ್ದೇನು?

ಶಿವಾನಿ ಮಾಥುರ್ ಗೈಹಾ, ಬಾನಿ ಹಾಲ್ಪರ್ನ್-ಫೆಲ್ಶರ್ ಮತ್ತು ಸಂಗಡಿಗರು 2020ರ ಮೇ ತಿಂಗಳಿನಲ್ಲಿ ಅಂತರ್ಜಾಲದ ಮೂಲಕ 13ರಿಂದ 24 ವರ್ಷದ 4,351 ಮಂದಿಯನ್ನು ಪ್ರಶ್ನಿಸಿದರು. ಅವರಲ್ಲಿ ಸುಮಾರು ಅರ್ಧದಷ್ಟು ಜನ ಒಮ್ಮೆಯಾದರೂ ಇ-ಸಿಗರೇಟ್ ಸೇದಿದವರು. ನಿಮಗೆ ಕೋವಿಡ್ ಲಕ್ಷಣಗಳು ಇದ್ದವೆ, ಪರೀಕ್ಷೆ ಮಾಡಿಸಿಕೊಂಡಿರಾ, ರೋಗ ಪತ್ತೆಯಾಯಿತೆ ಎಂಬ ಪ್ರಶ್ನೆಗಳಿಗೆ ಅವರೇ ಉತ್ತರ ತುಂಬಿದರು. ವಯಸ್ಸು, ಲಿಂಗ, ಜನಾಂಗ, ತಾಯಿಯ ವಿದ್ಯಾಭ್ಯಾಸ, ದೇಹತೂಕದ ಸೂಚ್ಯಂಕ, ಮನೆಯಲ್ಲೇ ಇರಬೇಕೆಂಬ ಆದೇಶದ ಪಾಲನೆ, ಆಯಾ ರಾಜ್ಯದ ಕೋವಿಡ್ ಪ್ರಮಾಣ ಇವುಗಳ ಪ್ರಭಾವವನ್ನು ಗಣಿತದ ಮೂಲಕ ಕಳೆಯುವ ಪ್ರಯತ್ನವನ್ನೂ ಸಂಶೋಧಕರು ಮಾಡಿದರು. ಇದು ಶ್ಲಾಘನೀಯ.

ಫಲಿತಾಂಶಗಳು ಹೀಗಿವೆ. ಎಂದಾದರೂ ಇ-ಸಿಗರೇಟ್ ಮಾತ್ರ ಸೇದಿದ್ದವರಲ್ಲಿ ರೋಗ ಪತ್ತೆಯಾದ ಸಂಭವ 5 ಪಟ್ಟು. 95% ವಿಶ್ವಾಸ ವ್ಯಾಪ್ತಿ 1.82ರಿಂದ 13.96. ಎಂದಾದರೂ ಇ-ಸಿಗರೇಟ್ ಮತ್ತು ಸಿಗರೇಟ್ ಎರಡನ್ನೂ ಸೇದಿದ್ದವರಲ್ಲಿ 7 ಪಟ್ಟು, ವ್ಯಾಪ್ತಿ 1.98ರಿಂದ 24.55. ಹಿಂದಿನ 30 ದಿನಗಳಲ್ಲಿ ಎರಡನ್ನೂ ಸೇದಿದವರಲ್ಲಿ 6.8 ಪಟ್ಟು, ವ್ಯಾಪ್ತಿ 2.40ರಿಂದ 19.55. ಪತ್ರಿಕೆಗಳು ಮುದ್ರಿಸಿದ್ದು ಮೊದಲ ಅಂಕಿಗಳನ್ನು ಮಾತ್ರ. ವ್ಯಾಪ್ತಿಗಳನ್ನು ಬಿಟ್ಟುಬಿಟ್ಟರು. ವಿಮರ್ಶೆ ಆರಂಭವಾಗಬೇಕಾದದ್ದು ಅವುಗಳಿಂದಲೇ.

ವ್ಯಾಪ್ತಿಯ ಅಗಲ

ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಅಳೆಯುವ ವಿದ್ಯಾರ್ಥಿಯೊಬ್ಬ ‘ಉತ್ತರ 9.8, ಆದರೆ ಅದು 3.5ರಿಂದ 27ರ ನಡುವೆ ಎಲ್ಲಿಯಾದರೂ ಇರಬಹುದು’ ಎಂದು ಬರೆದರೆ ನಾವೇನು ಹೇಳುತ್ತೇವೆ? ಅಳತೆಯನ್ನು ಮತ್ತೆ ಮಾಡು ಎನ್ನುತ್ತೇವೆ. ‘5 ಪಟ್ಟು, ವ್ಯಾಪ್ತಿ 1.82ರಿಂದ 13.96’ ಎಂಬ ಹೇಳಿಕೆಯ ಸಾಪೇಕ್ಷ ಅನಿಶ್ಚಿತತೆ ಸರಿಯಾಗಿ ಅಷ್ಟೇ. ಇಂಥ ಅಂಕಿಯನ್ನು ನೋಡಿ, ಹೆಚ್ಚಳ ಇರಬಹುದು ಎನ್ನಬಹುದು. ಅದು ಐದೇ ಪಟ್ಟು ಎನ್ನಲು ಆಧಾರ ಸಾಲದು.

ವ್ಯಾಪ್ತಿ ಇಷ್ಟು ಅಗಲವಾಗಲು ಕಾರಣವನ್ನು ಒಂದು ಸ್ಥೂಲ ಅಂದಾಜಿನಿಂದ ತಿಳಿಯಬಹುದು. 2020ರ ಮೇ ಮಧ್ಯದಲ್ಲಿ ಅಮೆರಿಕದಲ್ಲಿ ದೃಢಪಟ್ಟಿದ್ದ ಕೋವಿಡ್ ಪ್ರಕರಣಗಳು ಸುಮಾರು 14 ಲಕ್ಷ. ಜನಸಂಖ್ಯೆ ಸುಮಾರು 33 ಕೋಟಿ. ಅಂದರೆ ಸಾವಿರಕ್ಕೆ ಸುಮಾರು ನಾಲ್ವರು. ಈ ಪ್ರಮಾಣದಲ್ಲಿ 4,351 ಮಂದಿಯಲ್ಲಿ ನಿರೀಕ್ಷಿಸಬಹುದಾದ ರೋಗಿಗಳ ಸಂಖ್ಯೆ ಸುಮಾರು 18. ಇದು ಪ್ರಬಂಧದ ಅಂಕಿಯಲ್ಲ, ಲೆಕ್ಕದ ಗಾತ್ರವನ್ನು ತಿಳಿಯಲು ಮಾಡಿಕೊಂಡ ಅಂದಾಜು. 18ನ್ನು ಎರಡು ಸಮ ಗುಂಪುಗಳಲ್ಲಿ 5:1ರ ಪ್ರಮಾಣದಲ್ಲಿ ಹಂಚಿದರೆ ಸೇದಿದವರಲ್ಲಿ 15, ಸೇದದವರಲ್ಲಿ 3. ಈಗ ಇಬ್ಬರು ಮಾತ್ರ ಈ ಗುಂಪಿನಿಂದ ಆ ಗುಂಪಿಗೆ ಸರಿದರೆಂದು ಭಾವಿಸಿ. 15 ಹೋಗಿ 13, 3 ಹೋಗಿ 5 ಆಗುತ್ತದೆ. ಐದು ಪಟ್ಟು ಇದ್ದದ್ದು 2.6 ಪಟ್ಟಿಗೆ ಇಳಿಯುತ್ತದೆ! ನಾಲ್ಕು ಸಾವಿರ ಮಂದಿಯನ್ನು ಕೇಳಿದ್ದರೂ ತೀರ್ಮಾನ ನಿಂತಿರುವುದು ಬೆರಳೆಣಿಕೆಯ ಜನರ ಮೇಲೆ. ಸಮೀಕ್ಷೆಯಲ್ಲಿ ಇದಕ್ಕಿಂತ ಬಹಳ ಹೆಚ್ಚು ರೋಗಿಗಳು ಕಂಡುಬಂದಿದ್ದರೆ, ಉತ್ತರಿಸಿದವರು ದೇಶದ ಸಾಮಾನ್ಯ ಯುವಜನರಂತೆ ಇರಲಿಲ್ಲ ಅಥವಾ ಉತ್ತರಗಳು ನಂಬಲರ್ಹವಾಗಿರಲಿಲ್ಲ ಎಂದಾಗುತ್ತದೆ. ಎರಡು ದಾರಿಯಲ್ಲಿ ಯಾವುದನ್ನು ಹಿಡಿದರೂ ಅಂಕಿ ದುರ್ಬಲವಾಗುತ್ತದೆ.

ಸ್ವಂತ ಉತ್ತರಗಳನ್ನು ನೆಚ್ಚುವ ಹದಿಹರೆಯದವರ ಸಮೀಕ್ಷೆಗಳಿಗೆ ಮತ್ತೊಂದು ಕಂಟಕವಿದೆ. ಪ್ರಶ್ನೆಯನ್ನು ಓದದೆ, ಅಥವಾ ತಮಾಷೆಗೆ, ಎಲ್ಲಕ್ಕೂ ‘ಹೌದು’ ಎಂದು ಗುರುತು ಹಾಕುವವರು ಅಷ್ಟಿಷ್ಟು ಇದ್ದೇ ಇರುತ್ತಾರೆ. ನೂರಕ್ಕೆ ಒಬ್ಬ ಹಾಗೆ ಮಾಡಿದರೂ 4,351ರಲ್ಲಿ 43 ಮಂದಿಯಾದರು. ಹುಡುಕುತ್ತಿರುವ ರೋಗಿಗಳೇ ಇಪ್ಪತ್ತರ ಒಳಗಿರುವಾಗ ಈ 43 ಸಣ್ಣ ಸಂಖ್ಯೆಯಲ್ಲ. ಅವರು ‘ಇ-ಸಿಗರೇಟ್ ಸೇದಿದ್ದೇನೆ’ ಎಂಬುದಕ್ಕೂ ‘ಕೋವಿಡ್ ಬಂದಿತ್ತು’ ಎಂಬುದಕ್ಕೂ ಒಟ್ಟಿಗೆ ಹೌದು ಎನ್ನುವುದರಿಂದ, ಇಲ್ಲದ ಸಂಬಂಧವೊಂದು ತಾನಾಗಿ ಹುಟ್ಟುತ್ತದೆ. ವಿರಳ ಘಟನೆಗಳನ್ನು ಅಳೆಯುವಾಗ ಗದ್ದಲವೇ ಸಂಕೇತವನ್ನು ಮೀರುವ ಪರಿಸ್ಥಿತಿ ಇದು.

ಪರೀಕ್ಷೆ ಎಂಬ ಜರಡಿ

ಇನ್ನೂ ಗಂಭೀರವಾದ ದೋಷ ಬೇರೆಯಿದೆ. ರೋಗ ಇರುವುದು ಬೇರೆ, ರೋಗ ಪತ್ತೆಯಾಗುವುದು ಬೇರೆ. ಪತ್ತೆಯಾಗಬೇಕಾದರೆ ಪರೀಕ್ಷೆ ಆಗಬೇಕು. 2020ರ ಮೇ ತಿಂಗಳಿನಲ್ಲಿ ಅಮೆರಿಕದಲ್ಲಿ ಎಲ್ಲರಿಗೂ ಪರೀಕ್ಷೆ ಸಿಗುತ್ತಿರಲಿಲ್ಲ. ಅದೇ ಪ್ರಬಂಧದ ಪ್ರಕಾರ, ಹಿಂದಿನ 30 ದಿನಗಳಲ್ಲಿ ಎರಡನ್ನೂ ಸೇದಿದವರು ಪರೀಕ್ಷೆಗೆ ಒಳಗಾಗುವ ಸಂಭವ 9 ಪಟ್ಟು ಹೆಚ್ಚಾಗಿತ್ತು. ಇ-ಸಿಗರೇಟ್ ಮಾತ್ರ ಸೇದಿದವರಲ್ಲಿ ಅದು 2.6 ಪಟ್ಟು. ಕೆಮ್ಮು, ಕಫ, ಉಸಿರುಕಟ್ಟುವಿಕೆ ಸೇದುವವರಲ್ಲಿ ಸಾಮಾನ್ಯವಾದ್ದರಿಂದ ಅವರು ಪರೀಕ್ಷೆಗೆ ಹೋಗಿರಬಹುದು; ಇದರಲ್ಲಿ ಆಶ್ಚರ್ಯವಿಲ್ಲ. ಆದರೆ ಇದರ ಪರಿಣಾಮವೇನು?

ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಇ-ಸಿಗರೇಟ್ ಸೇದುವ 1,000 ಮಂದಿ, ಸೇದದ 1,000 ಮಂದಿ ಇದ್ದಾರೆ. ಎರಡೂ ಗುಂಪುಗಳಲ್ಲಿ ತಲಾ 20 ಮಂದಿಗೆ ಸೋಂಕು ತಗಲಿದೆ. ಅಂದರೆ ಸೇದುವುದರಿಂದ ಸೋಂಕು ಎಳ್ಳಷ್ಟೂ ಹೆಚ್ಚಿಲ್ಲ. ಸೇದುವ ಸೋಂಕಿತರಲ್ಲಿ ಅರ್ಧದಷ್ಟು ಮಂದಿ ಪರೀಕ್ಷೆ ಮಾಡಿಸಿಕೊಂಡರು. 10 ಮಂದಿಯಲ್ಲಿ ರೋಗ ಪತ್ತೆಯಾಯಿತು. ಸೇದದ ಸೋಂಕಿತರಲ್ಲಿ ಹತ್ತರಲ್ಲೊಬ್ಬರು ಪರೀಕ್ಷೆ ಮಾಡಿಸಿಕೊಂಡರು. 2 ಮಂದಿಯಲ್ಲಿ ಪತ್ತೆಯಾಯಿತು. ‘ಪತ್ತೆಯಾದವರನ್ನು’ ಹೋಲಿಸಿದರೆ ಅನುಪಾತ ಐದು! ಸೋಂಕಿನಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲದೆ, ಪರೀಕ್ಷೆಯ ವ್ಯತ್ಯಾಸವೊಂದರಿಂದಲೇ ‘ಐದು ಪಟ್ಟು’ ಹುಟ್ಟಿತು.

ಹಾಗಾದರೆ ಪರೀಕ್ಷೆಗೆ ಒಳಗಾದವರನ್ನಷ್ಟೇ ಹೋಲಿಸಿದರೆ ಸರಿಹೋಗುತ್ತದಲ್ಲವೆ ಎಂದು ಕೇಳಬಹುದು. ವಿಶ್ವವಿದ್ಯಾಲಯದ ಪತ್ರಿಕಾ ಪ್ರಕಟಣೆ ಪರೀಕ್ಷೆಗೆ ಒಳಗಾದವರ ಬಗ್ಗೆಯೇ ಮಾತನಾಡಿತ್ತು. ಆದರೂ ದೋಷ ಹೋಗುವುದಿಲ್ಲ. ಅದು ರೂಪ ಬದಲಿಸುತ್ತದೆ. ಪರೀಕ್ಷೆಯ ಬಾಗಿಲಿಗೆ ಬಂದ ಎರಡು ಗುಂಪುಗಳು ಒಂದೇ ಕಾರಣಕ್ಕೆ ಬಂದವರಲ್ಲ. ತಂಬಾಕಿನ ಹಳೆಯ ಕೆಮ್ಮಿಗೆ ಹೆದರಿ ಬಂದವನಲ್ಲಿ ವೈರಸ್ ಇಲ್ಲದಿರುವ ಸಂಭವ ಹೆಚ್ಚು. ಮನೆಯಲ್ಲಿ ರೋಗಿಯಿದ್ದಾನೆಂದು ಬಂದವನಲ್ಲಿ ಇರುವ ಸಂಭವ ಹೆಚ್ಚು. ಯಾವ ಗುಂಪಿನಲ್ಲಿ ಯಾವ ಬಗೆಯವರು ಹೆಚ್ಚಾಗಿದ್ದಾರೆ ಎಂಬುದರ ಮೇಲೆ ಅನುಪಾತ ಮೇಲಕ್ಕೂ ಹೋಗಬಹುದು, ಕೆಳಕ್ಕೂ ಇಳಿಯಬಹುದು. ಜರಡಿಯ ಕಣ್ಣುಗಳು ಒಂದೇ ಅಳತೆಯಲ್ಲಿಲ್ಲದಿದ್ದರೆ, ಕೆಳಗೆ ಬಿದ್ದ ಕಾಳನ್ನು ನೋಡಿ ಮೇಲಿನ ರಾಶಿಯನ್ನು ಊಹಿಸಲಾಗದು.

ಹೊಂದಿಕೆಯಾಗದ ಎರಡು ಫಲಿತಾಂಶಗಳು

ಕಾರ್ಯಕಾರಣ ಸಂಬಂಧವಿದ್ದರೆ ಪರಿಣಾಮವು ಪ್ರಮಾಣವನ್ನು ಅನುಸರಿಸಬೇಕು. ಹೆಚ್ಚು ಸೇದಿದವನಿಗೆ, ಇತ್ತೀಚೆಗೆ ಸೇದಿದವನಿಗೆ ಹೆಚ್ಚು ತೊಂದರೆಯಾಗಬೇಕು. ಈ ಸಮೀಕ್ಷೆಯಲ್ಲಿ ‘ಎಂದಾದರೂ ಒಮ್ಮೆ’ ಇ-ಸಿಗರೇಟ್ ಸೇದಿದವರಲ್ಲಿ ಐದು ಪಟ್ಟು ಹೆಚ್ಚಳ ಕಂಡುಬಂದಿತು. ಹಿಂದಿನ 30 ದಿನಗಳಲ್ಲಿ ಇ-ಸಿಗರೇಟ್ ಮಾತ್ರ ಸೇದಿದವರಲ್ಲಾದರೋ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಅರ್ಥಪೂರ್ಣವಾದ ಹೆಚ್ಚಳ ಕಂಡುಬರಲಿಲ್ಲ. ಯಾವತ್ತೋ ಸೇದಿದ್ದು ಹಾನಿ ಮಾಡಿ, ನಿನ್ನೆ ಸೇದಿದ್ದು ಮಾಡದಿರುವುದು ವಿಚಿತ್ರ.

ಎರಡನೆಯದು, ಸಾಮಾನ್ಯ ಸಿಗರೇಟನ್ನು ಮಾತ್ರ ಸೇದುವವರಲ್ಲಿ ಕೋವಿಡ್ ಜೊತೆ ಯಾವ ಸಂಬಂಧವೂ ಕಾಣಲಿಲ್ಲ. ಅಮೆರಿಕದ ಯುವಜನ ಹೆಚ್ಚಾಗಿ ಎರಡನ್ನೂ ಒಟ್ಟಿಗೆ ಬಳಸುವುದು ಇದಕ್ಕೆ ಕಾರಣವಿರಬಹುದೆಂದು ಸಂಶೋಧಕರು ಸೂಚಿಸಿದರು. ಇರಬಹುದು. ಆದರೆ ಶ್ವಾಸಕೋಶಕ್ಕೆ ಹಾನಿಕರವೆಂದು ದಶಕಗಳಿಂದ ಸಾಬೀತಾಗಿರುವ ಸಿಗರೇಟಿನ ಪರಿಣಾಮವನ್ನು ಗುರುತಿಸಲಾಗದ ಉಪಕರಣವು, ಹೊಸ ಸಾಧನದ ಪರಿಣಾಮವನ್ನು ಸರಿಯಾಗಿ ಅಳೆದಿದೆ ಎಂದು ನಂಬುವುದು ಕಷ್ಟ. ಗೊತ್ತಿರುವ ತೂಕವನ್ನು ತಪ್ಪಾಗಿ ತೋರಿಸುವ ತಕ್ಕಡಿಯಲ್ಲಿ ಗೊತ್ತಿಲ್ಲದ ವಸ್ತುವನ್ನು ತೂಗಿದಂತೆ ಇದು.

ಅದೇ ದೋಷ, ವಿರುದ್ಧ ದಿಕ್ಕು

2021ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಸಂಶೋಧಕರು ಕೋವಿಡ್ ಪರೀಕ್ಷೆಗೆ ಒಳಗಾದ 69,264 ಮಂದಿಯ ವೈದ್ಯಕೀಯ ದಾಖಲೆಗಳನ್ನು ಪರಿಶೀಲಿಸಿ ಪ್ರಕಟಿಸಿದರು. ಇಲ್ಲಿ ರೋಗವಿತ್ತೆ ಎಂಬುದು ಸ್ವಂತ ಹೇಳಿಕೆಯಿಂದ ಬಂದದ್ದಲ್ಲ, ಪ್ರಯೋಗಾಲಯದ ಪರೀಕ್ಷೆಯಿಂದ ತಿಳಿದದ್ದು. ಇ-ಸಿಗರೇಟ್ ಸೇದುವುದಕ್ಕೂ ಕೋವಿಡ್ ಪತ್ತೆಯಾಗುವುದಕ್ಕೂ ಸಂಬಂಧ ಕಾಣಲಿಲ್ಲ. ‘ಐದು ಪಟ್ಟು’ ಇಲ್ಲಿ ಮಾಯವಾಯಿತು.

ಹಾಗೆಂದು ಈ ಅಧ್ಯಯನವನ್ನು ಕಣ್ಣುಮುಚ್ಚಿ ಒಪ್ಪಬೇಕೆ? ಅದೇ ದಾಖಲೆಗಳಲ್ಲಿ ಸಿಗರೇಟ್ ಸೇದುವವರಿಗೆ ಕೋವಿಡ್ ಸಂಭವ ಇತರರಿಗಿಂತ ಕಡಿಮೆ ಎಂಬಂತೆ ಕಂಡಿತು! ಸಿಗರೇಟು ವೈರಸ್ಸಿನಿಂದ ರಕ್ಷಿಸುತ್ತದೆಂದು ಇದರ ಅರ್ಥವೆ? ಮೇಲೆ ಹೇಳಿದ ಜರಡಿಯನ್ನು ನೆನಪಿಸಿಕೊಂಡರೆ ಉತ್ತರ ಸುಲಭ. ಹಳೆಯ ಕೆಮ್ಮಿನವರು ಹೆಚ್ಚಾಗಿ ಪರೀಕ್ಷೆಗೆ ಬಂದು, ವೈರಸ್ ಇಲ್ಲವೆಂದು ಹಿಂದಿರುಗಿದರೆ, ಪರೀಕ್ಷಿತರ ನಡುವೆ ಅವರ ಸೋಂಕಿನ ಪ್ರಮಾಣ ತಾನಾಗಿ ಕಡಿಮೆ ಕಾಣುತ್ತದೆ.

ಈ ಭ್ರಮೆಗೆ ಆ ಕಾಲದಲ್ಲಿ ಬಹಳ ಪ್ರಚಾರ ಸಿಕ್ಕಿತು. 2020ರಲ್ಲಿ ನಿಕೋಟಿನ್ ಕೋವಿಡ್ಡಿನಿಂದ ಕಾಪಾಡಬಹುದೆಂಬ ಊಹೆ ಫ್ರಾನ್ಸಿನಿಂದ ಹೊರಟಿತು. ಅದೇ ವರ್ಷ, ಮೆಕ್ಸಿಕೊ ದೇಶದ ದತ್ತಾಂಶವನ್ನು ಬಳಸಿ ಧೂಮಪಾನಿಗಳಲ್ಲಿ ರೋಗ ಪತ್ತೆಯಾಗುವ ಸಂಭವ ಕಡಿಮೆ ಎಂದು ಹೇಳಿದ ಪ್ರಬಂಧವೊಂದು ‘ಯುರೋಪಿಯನ್ ರೆಸ್ಪಿರೇಟರಿ ಜರ್ನಲ್’ನಲ್ಲಿ ಪ್ರಕಟವಾಯಿತು. ಅದರ ಇಬ್ಬರು ಲೇಖಕರು ತಂಬಾಕು ಉದ್ಯಮದೊಡನೆ ತಮಗಿದ್ದ ನಂಟನ್ನು ತಿಳಿಸಿರಲಿಲ್ಲವೆಂಬ ಕಾರಣಕ್ಕೆ ಪತ್ರಿಕೆ 2021ರಲ್ಲಿ ಅದನ್ನು ಹಿಂತೆಗೆದುಕೊಂಡಿತು.

ಈ ಲೇಖನದ ಮುಖ್ಯ ಮಾತು ಇಲ್ಲಿದೆ. ‘ಸೇದಿದರೆ ಐದು ಪಟ್ಟು ಅಪಾಯ’ ಎಂಬ ಹೇಳಿಕೆಗೂ ‘ಸೇದಿದರೆ ರಕ್ಷಣೆ’ ಎಂಬ ಹೇಳಿಕೆಗೂ ಅಡಿಯಲ್ಲಿರುವುದು ಒಂದೇ ಬಗೆಯ ಅಳತೆ, ಒಂದೇ ಬಗೆಯ ದೋಷ. ಮೊದಲನೆಯದು ನಮಗೆ ಹಿತವೆಂದು ಒಪ್ಪಿಕೊಂಡರೆ, ಎರಡನೆಯದನ್ನು ತಿರಸ್ಕರಿಸುವ ನೈತಿಕ ಅಧಿಕಾರ ಕಳೆದುಹೋಗುತ್ತದೆ. ತಂಬಾಕು ಉದ್ಯಮಕ್ಕೆ ಅಂಥ ಅವಕಾಶ ಒಮ್ಮೆ ಸಿಕ್ಕರೆ ಸಾಕು. ಒಳ್ಳೆಯ ಉದ್ದೇಶಕ್ಕೆ ಬಳಸಿದ ಮಾತ್ರಕ್ಕೆ ಕೆಟ್ಟ ಅಳತೆಗೋಲು ನೆಟ್ಟಗಾಗುವುದಿಲ್ಲ.

ಪ್ರಯೋಗಾಲಯದ ಸಾಕ್ಷ್ಯ

ಹಾಗಾದರೆ ವೇಪಿಂಗ್ ಮತ್ತು ವೈರಸ್ ಸೋಂಕಿನ ಬಗ್ಗೆ ನಮಗೆ ತಿಳಿದಿರುವುದೇನು? ಇಲ್ಲಿ ಕೋವಿಡ್‌ಗೆ ಮುಂಚಿನ ಕೆಲವು ಅಧ್ಯಯನಗಳು ನೆರವಿಗೆ ಬರುತ್ತವೆ.

2015ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡವು ಇಲಿಗಳನ್ನು ಎರಡು ವಾರ ಇ-ಸಿಗರೇಟಿನ ಏರೋಸಾಲ್‌ಗೆ ಒಡ್ಡಿ, ಆಮೇಲೆ ಇನ್‌ಫ್ಲುಯೆಂಜಾ ವೈರಸ್ ತಗಲಿಸಿತು. ಶುದ್ಧ ಗಾಳಿಯಲ್ಲಿದ್ದ ಇಲಿಗಳಿಗಿಂತ ಇವುಗಳ ಶ್ವಾಸಕೋಶದಲ್ಲಿ ವೈರಸ್ ಹೆಚ್ಚಾಗಿತ್ತು, ಸಾವೂ ಹೆಚ್ಚಾಗಿತ್ತು. ನ್ಯುಮೋನಿಯ ತರುವ ಬ್ಯಾಕ್ಟೀರಿಯವನ್ನು ಹೊರಹಾಕುವ ಶಕ್ತಿಯೂ ಕುಂದಿತ್ತು.

2019ರಲ್ಲಿ ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಇಲಿಗಳನ್ನು ನಾಲ್ಕು ತಿಂಗಳ ಕಾಲ ಒಡ್ಡಿ ನೋಡಿದರು. ಗಾಳಿಚೀಲಗಳಲ್ಲಿ ಕಾವಲಿರುವ ಭಕ್ಷಕ ಕೋಶಗಳಲ್ಲಿ ಕೊಬ್ಬಿನ ಅಂಶ ಅಸಹಜವಾಗಿ ತುಂಬಿಕೊಂಡಿತ್ತು. ಅಂಥ ಇಲಿಗಳು ಇನ್‌ಫ್ಲುಯೆಂಜಾ ಎದುರಿಸುವಲ್ಲಿ ಹಿಂದೆ ಬಿದ್ದವು. ಗಮನಿಸಬೇಕಾದ ವಿಷಯವೆಂದರೆ, ನಿಕೋಟಿನ್ ಇಲ್ಲದ, ಬರಿಯ ಗ್ಲೈಕಾಲ್ ಮತ್ತು ಗ್ಲಿಸರಾಲ್ ಏರೋಸಾಲ್ ಕೂಡ ಈ ಪರಿಣಾಮವನ್ನು ಉಂಟುಮಾಡಿತು. ‘ನಿಕೋಟಿನ್ ಇಲ್ಲದಿದ್ದರೆ ತೊಂದರೆಯಿಲ್ಲ’ ಎಂಬ ನಂಬಿಕೆಗೆ ಇದು ಪೆಟ್ಟು.

ಮನುಷ್ಯರಲ್ಲಿ? 2016ರಲ್ಲಿ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ತಂಡವು ಮೂಗಿನ ಒಳಪದರದ ಕೋಶಗಳನ್ನು ತೆಗೆದು ಪರೀಕ್ಷಿಸಿತು. ರೋಗನಿರೋಧಕತೆಗೆ ಸಂಬಂಧಿಸಿದ 53 ಜೀನ್‌ಗಳ ಚಟುವಟಿಕೆ ಸಿಗರೇಟ್ ಸೇದುವವರಲ್ಲಿ ಕುಗ್ಗಿತ್ತು. ಇ-ಸಿಗರೇಟ್ ಸೇದುವವರಲ್ಲಿ ಆ 53 ಅಲ್ಲದೆ ಇನ್ನೂ 305 ಜೀನ್‌ಗಳ ಚಟುವಟಿಕೆ ಕುಗ್ಗಿತ್ತು.

ಇವೆಲ್ಲ ಒಂದೇ ದಿಕ್ಕಿಗೆ ಬೆರಳು ತೋರುತ್ತವೆ: ವೇಪಿಂಗ್ ಉಸಿರಾಟದ ಕಾವಲನ್ನು ಸಡಿಲಗೊಳಿಸುವ ಸಾಧ್ಯತೆ ನಿಜವಾದದ್ದು. ಇಲ್ಲೂ ಎಚ್ಚರ ಬೇಕು. ಇಲಿ ಮನುಷ್ಯನಲ್ಲ, ಅದಕ್ಕೆ ಕೊಟ್ಟ ಪ್ರಮಾಣ ಮನುಷ್ಯ ಸೇದುವ ಪ್ರಮಾಣಕ್ಕೆ ನೇರವಾಗಿ ಹೊಂದುವುದಿಲ್ಲ. ಜೀನ್ ಚಟುವಟಿಕೆ ಕುಗ್ಗಿದ ಮಾತ್ರಕ್ಕೆ ರೋಗ ಬಂದೇ ಬರುತ್ತದೆಂದಿಲ್ಲ. ಆದರೆ ಇಲಿಗಳ ಪ್ರಯೋಗದಲ್ಲಿ ಒಂದು ಗುಣವಿದೆ. ಯಾವ ಇಲಿ ಏರೋಸಾಲ್ ಸೇವಿಸಬೇಕೆಂದು ನಿರ್ಧರಿಸಿದವರು ಸಂಶೋಧಕರು, ವೈರಸ್ ಎಲ್ಲಕ್ಕೂ ಸಮನಾಗಿ ತಗಲಿತು, ಪರೀಕ್ಷೆ ಎಲ್ಲಕ್ಕೂ ನಡೆಯಿತು. ಜರಡಿಯ ದೋಷ ಅಲ್ಲಿಲ್ಲ.

ಒಳ್ಳೆಯ ಅಳತೆ ಹೇಗಿರುತ್ತದೆ?

ಮನುಷ್ಯರಲ್ಲೂ ಇಂಥ ದೋಷವನ್ನು ತಗ್ಗಿಸಿ ಅಳೆಯಲು ಸಾಧ್ಯವೆಂಬುದಕ್ಕೆ ಸಾಮಾನ್ಯ ಸಿಗರೇಟಿನ ಬಗೆಗಿನ ಒಂದು ಹಳೆಯ ಅಧ್ಯಯನ ಸಾಕ್ಷಿ. ಇಸ್ರೇಲಿನ ಒಂದು ಸೈನಿಕ ತುಕಡಿಯಲ್ಲಿ ಇನ್‌ಫ್ಲುಯೆಂಜಾ ಹರಡಿತು. ತುಕಡಿಯಲ್ಲಿ ಇದ್ದವರು 336 ಮಂದಿ ಆರೋಗ್ಯವಂತ ಯುವಕರು. ಎಲ್ಲರೂ ಒಂದೇ ಕಡೆ ವಾಸ, ಒಂದೇ ದಿನಚರಿ. ಸಂಶೋಧಕರು ಪರೀಕ್ಷೆಗೆ ತಾವಾಗಿ ಬಂದವರನ್ನಷ್ಟೇ ಎಣಿಸದೆ ಇಡೀ ತುಕಡಿಯನ್ನು ಲೆಕ್ಕಕ್ಕೆ ತೆಗೆದುಕೊಂಡರು. ಧೂಮಪಾನಿಗಳಲ್ಲಿ 68.5% ಮಂದಿಗೆ, ಧೂಮಪಾನ ಮಾಡದವರಲ್ಲಿ 47.2% ಮಂದಿಗೆ ಫ್ಲೂ ಬಂದಿತ್ತು. 1982ರಲ್ಲಿ ಪ್ರಕಟವಾದ ಈ ಫಲಿತಾಂಶ ಇಂದಿಗೂ ಉಲ್ಲೇಖಗೊಳ್ಳುತ್ತದೆ.

ಇಲ್ಲಿಯ ಅನುಪಾತ ಎಷ್ಟು? 68.5ನ್ನು 47.2ರಿಂದ ಭಾಗಿಸಿದರೆ 1.45. ಇದೇ ದತ್ತಾಂಶವನ್ನು ಸಂಖ್ಯಾಶಾಸ್ತ್ರಜ್ಞರು ಬಳಸುವ ‘ಆಡ್ಸ್ ಅನುಪಾತ’ದ ರೂಪದಲ್ಲೂ ಹೇಳಬಹುದು. ರೋಗ ಬಂದವರನ್ನು ಬಾರದವರಿಂದ ಭಾಗಿಸಿದರೆ ಧೂಮಪಾನಿಗಳಲ್ಲಿ 68.5/31.5, ಇತರರಲ್ಲಿ 47.2/52.8, ಇವುಗಳ ಅನುಪಾತ ಸುಮಾರು 2.4. ಒಂದೇ ಸತ್ಯ, ಎರಡು ಅಂಕಿ. ರೋಗ ವಿರಳವಾಗಿದ್ದಾಗ ಎರಡೂ ಹತ್ತಿರ ಹತ್ತಿರ ಇರುತ್ತವೆ. ಸಾಮಾನ್ಯವಾಗಿದ್ದಾಗ ಆಡ್ಸ್ ಅನುಪಾತ ದೊಡ್ಡದಾಗಿ ಕಾಣುತ್ತದೆ. ‘ಇಷ್ಟು ಪಟ್ಟು’ ಎಂದು ಓದಿದಾಗಲೆಲ್ಲ ಯಾವುದರ ಪಟ್ಟು ಎಂದು ಕೇಳಬೇಕಾದದ್ದು ಇದಕ್ಕಾಗಿಯೇ.

1993ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ 391 ಮಂದಿ ಸ್ವಯಂಸೇವಕರಿಗೆ ಐದು ಬಗೆಯ ಶೀತದ ವೈರಸ್ಸುಗಳಲ್ಲಿ ಒಂದನ್ನು ಉದ್ದೇಶಪೂರ್ವಕವಾಗಿ ತಗಲಿಸಲಾಗಿತ್ತು. ವೈರಸ್ಸಿನ ಸಂಪರ್ಕ ಎಲ್ಲರಿಗೂ ಆದದ್ದರಿಂದ ‘ಯಾರು ಹೆಚ್ಚು ಹೊರಗೆ ಓಡಾಡುತ್ತಾರೆ’ ಎಂಬ ಪ್ರಶ್ನೆಯೇ ಏಳಲಿಲ್ಲ. ಅಲ್ಲೂ ಧೂಮಪಾನಿಗಳಲ್ಲಿ ಶೀತ ಹೆಚ್ಚಾಗಿ ಕಂಡುಬಂದಿತು.

1.45 ಎಂಬುದು 5ರ ಪಕ್ಕದಲ್ಲಿ ಸಪ್ಪೆಯಾಗಿ ಕಾಣುತ್ತದೆ. ಯಾವ ಪತ್ರಿಕೆಯ ಮುಖಪುಟಕ್ಕೂ ಬರುವಂಥದ್ದಲ್ಲ. ಆದರೆ ಅದರ ಬುಡ ಗಟ್ಟಿ. ಫ್ಲೂ ಹರಡಿದ ಕಡೆ ಪ್ರತಿ ನೂರು ಧೂಮಪಾನಿಗಳಲ್ಲಿ ಸುಮಾರು 21 ಮಂದಿ ಹೆಚ್ಚಾಗಿ ಹಾಸಿಗೆ ಹಿಡಿಯುತ್ತಾರೆ ಎಂದು ಬಿಡಿಸಿ ಹೇಳಿದರೆ ಅದು ಸಣ್ಣ ಮಾತೂ ಅಲ್ಲ.

ತರಗತಿಯಲ್ಲಿ ಏನು ಹೇಳಬೇಕು?

ನಮ್ಮಲ್ಲಿ ಇ-ಸಿಗರೇಟ್ ಕಾನೂನುಬಾಹಿರ. ಕರ್ನಾಟಕ ಸರ್ಕಾರ 2016ರಲ್ಲೇ ಅದರ ಮಾರಾಟವನ್ನು ನಿಷೇಧಿಸಿತ್ತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆಯನ್ನೂ ಅದೇ ವರ್ಷದ ಡಿಸೆಂಬರಿನಲ್ಲಿ ಕಾಯಿದೆಯನ್ನೂ ತಂದಿತು. ಉತ್ಪಾದನೆ, ಆಮದು, ಮಾರಾಟ, ಜಾಹೀರಾತುಗಳಿಗೆ ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಉಂಟು. ಗಮನಿಸಿ: ಈ ಕಾಯಿದೆ ಬಂದದ್ದು ಕೋವಿಡ್‌ಗೆ ಮುಂಚೆ. ‘ಐದು ಪಟ್ಟು’ ಎಂಬ ಅಂಕಿಯ ಊರುಗೋಲು ಅದಕ್ಕೆ ಬೇಕಾಗಿರಲಿಲ್ಲ. ಎಳೆಯರು ನಿಕೋಟಿನ್ನಿನ ದಾಸರಾಗುತ್ತಾರೆಂಬ ಕಾರಣವೇ ಸಾಕಾಗಿತ್ತು.

ನಮ್ಮ ದೇಶದ ದೊಡ್ಡ ಸಮಸ್ಯೆ ಬೇರೆಯಿದೆ ಎಂಬುದನ್ನೂ ಮರೆಯಬಾರದು. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಭಾರತದ ವಯಸ್ಕರಲ್ಲಿ 28.6% ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಆಗ ಇ-ಸಿಗರೇಟ್ ಬಳಸುತ್ತಿದ್ದವರು ಸಾವಿರಕ್ಕೆ ಒಬ್ಬರೂ ಇರಲಿಲ್ಲ. ಸೈನಿಕ ತುಕಡಿಯ ಅಧ್ಯಯನ ಹೇಳುವುದು ಸುಡುವ ತಂಬಾಕಿನ ಹೊಗೆಯ ಬಗ್ಗೆ. ಬೀಡಿಯ ಹೊಗೆಯೂ ಅದೇ ವರ್ಗಕ್ಕೆ ಸೇರಿದ್ದು.

ಶಿಕ್ಷಕರು ವಿದ್ಯಾರ್ಥಿಗಳಿಗೆ ಹೇಳಬಹುದಾದದ್ದನ್ನು ಹೀಗೆ ಸಂಗ್ರಹಿಸಬಹುದು. ವೇಪಿಂಗ್ ಶ್ವಾಸಕೋಶದ ಆಳಕ್ಕೆ ರಾಸಾಯನಿಕಗಳನ್ನು ಒಯ್ಯುತ್ತದೆ. ಪ್ರಾಣಿಗಳ ಪ್ರಯೋಗಗಳಲ್ಲಿ ಅದು ವೈರಸ್ಸಿನ ವಿರುದ್ಧದ ರಕ್ಷಣೆಯನ್ನು ಕುಗ್ಗಿಸಿದೆ. ಮನುಷ್ಯರ ಮೂಗಿನ ಕೋಶಗಳಲ್ಲೂ ಅದರ ಸುಳಿವು ಸಿಕ್ಕಿದೆ. ಇದರಿಂದ ಮನುಷ್ಯರಲ್ಲಿ ಕೋವಿಡ್ ಐದು ಪಟ್ಟು ಹೆಚ್ಚುತ್ತದೆ ಎಂಬುದು ಸಾಬೀತಾಗಿಲ್ಲ. ಸೇದದಿರಲು ಮೊದಲೆರಡು ಮಾತುಗಳು, ನಿಕೋಟಿನ್ ಚಟದ ಭಯ ಮತ್ತು ದೇಶದ ಕಾನೂನು ಸಾಕು.

ಅತಿಶಯೋಕ್ತಿಯಿಂದ ಆಗುವ ನಷ್ಟ ಕೂಡಲೇ ಕಾಣುವುದಿಲ್ಲ. ಇಂದಿನ ವಿದ್ಯಾರ್ಥಿ ಶಿಕ್ಷಕರ ಮಾತನ್ನು ಅಲ್ಲೇ ಫೋನಿನಲ್ಲಿ ಹುಡುಕಿ ನೋಡಬಲ್ಲ. ‘ಐದು ಪಟ್ಟು’ ಎಂದು ಕೇಳಿದವನು ನಾಳೆ ಮೇಯೊ ಕ್ಲಿನಿಕ್ಕಿನ ಫಲಿತಾಂಶವನ್ನು ಓದಿದರೆ, ಆ ಒಂದು ಅಂಕಿಯ ಜೊತೆಗೆ ಇಲಿಗಳ ಪ್ರಯೋಗವನ್ನೂ ನಿಕೋಟಿನ್ನಿನ ಎಚ್ಚರಿಕೆಯನ್ನೂ ಸುಳ್ಳೆಂದು ತಳ್ಳಿಹಾಕುತ್ತಾನೆ. ಮುಂದಿನ ಸಾಂಕ್ರಾಮಿಕದಲ್ಲಿ ಲಸಿಕೆಯ ಬಗ್ಗೆ ನಾವು ಹೇಳುವುದನ್ನೂ ಅವನು ನಂಬಲಾರ.

ಸಾವಿರ–ಸಾವಿರದ ಕಾಲ್ಪನಿಕ ಉದಾಹರಣೆಯನ್ನು ಕರಿಹಲಗೆಯ ಮೇಲೆ ಬರೆದು, ಪರೀಕ್ಷೆಯ ಪ್ರಮಾಣವನ್ನು ಬದಲಿಸುತ್ತ ಹೋದರೆ ಅನುಪಾತ ಹೇಗೆ ಬದಲಾಗುತ್ತದೆಂದು ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ. ಇದಕ್ಕೆ ಎಂಟನೆಯ ತರಗತಿಯ ಗಣಿತ ಸಾಕು. ಅರ್ಧ ಗಂಟೆಯ ಈ ಅಭ್ಯಾಸದಿಂದ ಒಂದು ಸುದ್ದಿಯನ್ನು ಅಳೆಯಲು ಕಲಿತವನು ಮುಂದಿನ ಹತ್ತು ಸುದ್ದಿಗಳನ್ನು ತಾನೇ ಅಳೆದುಕೊಳ್ಳುತ್ತಾನೆ.